ಹದಿನಾಲ್ಕು ಹೆಂಗಸರ ಮುಂದೆ

ಒಂದು ಊರು, ಆ ಊರಿಗೊಬ್ಬಳು ದರ್ಜಿ. ಅವಳ ಸೂಜಿ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ಸೂಜಿ ಹರಿದದ್ದನ್ನು ಕೂಡಿಸುತ್ತಿತ್ತು; ನಾಲಿಗೆಯ ಕಸುಬು ಬೇರೆ. ಅಜ್ಜಿ ಹೇಳುವ ಕಥೆಯಾಗಿದ್ದರೆ ಇಂಥವಳನ್ನು ಯಾವಳಾದರೂ ರಾಕ್ಷಸಿ ಹೊತ್ತೊಯ್ಯುತ್ತಿದ್ದಳು. ಇವಳೋ, ಪ್ರತಿ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಚರ್ಚಿನ ಸಭೆಯ ಹೆಂಗಸರ ಜೊತೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಳು.

ಅಂಥದೊಂದು ಶುಕ್ರವಾರ ಪಾಸ್ಟರಮ್ಮ, "ಯಾರಿಗಾದ್ರೂ ಪ್ರಾರ್ಥನೆ ವಿಷಯ ಇದ್ಯಾ?" ಎಂದು ಕೇಳಿದರು.

ದರ್ಜಿ ನಿಟ್ಟುಸಿರಿಟ್ಟಳು. "ಶಿಶುವಿಹಾರದ ಆಯಮ್ಮನಿಗೋಸ್ಕರ ಬೇಡ್ಕೊಳ್ಳಿ. ಅಲ್ಲಿ ಆ ಮಗುವಿನ ಚಿನ್ನದ ಸರ ಕಳೆದ ದಿನ ಬಟ್ಟೆ ಬದಲಾಯಿಸಿದ್ದು ಅವರೇ ಅಂತೆ. ಪಾಪ, ಕರ್ತನು ಅವರ ಕೈ ಶುದ್ಧ ಮಾಡ್ಲಿ."

ಹದಿನಾಲ್ಕು ತಲೆಗಳು ಬಾಗಿದವು, ಶಿಶುವಿಹಾರದ ಟೀಚರ್ ತಲೆಯೂ ಸೇರಿ. ಆಮೆನ್ ಮುಗಿಯುವಷ್ಟರಲ್ಲಿ ಪ್ರಾರ್ಥನೆ ಸುದ್ದಿಯಾಗಿತ್ತು. ಸೋಮವಾರ ಆಯಮ್ಮನ ಕೆಲಸ ಹೋಯಿತು. ಅವಳು ಸಭೆಗೆ ಬರುವುದನ್ನೂ ಬಿಟ್ಟಳು.

ಎರಡು ತಿಂಗಳ ಮೇಲೆ ಅದೇ ಮಗುವಿನ ಫ್ರಾಕು ಉದ್ದ ಬಿಡಿಸಲೆಂದು ಅಂಗಡಿಗೆ ಬಂತು. ದರ್ಜಿ ಅಂಚಿನ ಹೊಲಿಗೆ ಬಿಚ್ಚಿದಳು. ತೂತುಬಿದ್ದ ಜೇಬಿನಿಂದ ಅಸ್ತರಿನೊಳಗೆ ಇಳಿದು ಕೂತಿದ್ದ ಸರ ಜಾರಿ ಮೇಜಿನ ಮೇಲೆ ಬಿತ್ತು. ಅವಳು ಸುತ್ತ ನೋಡಿ, ಅದನ್ನು ಗುಂಡಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಆಗಲೇ ಫೋನು ಬಂತು. ಹೆರಿಗೆಗೆ ಸೇರಿಸಿದ್ದ ಮಗಳಿಗೆ ರಕ್ತ ನಿಲ್ಲುತ್ತಿಲ್ಲ.

ಆಸ್ಪತ್ರೆಯ ಬೆಂಚಿನಲ್ಲಿ ಅವಳಿಗೆ ಪ್ರಾರ್ಥನೆಯ ಚಂದದ ಮಾತೊಂದೂ ನೆನಪಾಗಲಿಲ್ಲ. "ಅವಳನ್ನ ಉಳಿಸಪ್ಪಾ. ನೀನು ಎಲ್ಲಿಗೆ ಹೋಗು ಅಂದ್ರೂ ಹೋಗ್ತೀನಿ," ಎಂದಷ್ಟೇ ಅಂದಳು.

ಸಂಜೆಯೊಳಗೆ ತಾಯಿ, ಮಗು ಇಬ್ಬರೂ ಉಳಿದರು. ಆಕಾಶದಿಂದ ಯಾವ ದನಿಯೂ ಬರಲಿಲ್ಲ. ಆದರೆ ಮೊಮ್ಮಗಳನ್ನು ಎತ್ತಿಕೊಂಡ ಕ್ಷಣದಲ್ಲೇ ಎಲ್ಲಿಗೆ ಹೋಗಬೇಕೆಂದು ಅವಳಿಗೆ ಗೊತ್ತಾಗಿಹೋಯಿತು. ಗೊತ್ತಾದ ಮೇಲೆ ಮೂರು ಶುಕ್ರವಾರ ತಲೆನೋವೆಂದು ಮಲಗಿದಳು.

ನಾದಿನಿಗೆ ಮಾತ್ರ ಬಾಯಿಬಿಟ್ಟಳು.

"ಸರ ಆ ಮಗುವಿನ ಮನೆಗೆ ಸದ್ದಿಲ್ದೆ ಕೊಟ್ಬಿಡಿ ಅತ್ತಿಗೆ," ಎಂದಳು ನಾದಿನಿ. "ಊರೆಲ್ಲ ಡಂಗುರ ಹೊಡೀಬೇಕಾ? ನಾಳೆ ನಿಮ್ಮ ಅಂಗಡಿಗೆ ಯಾರು ಬರ್ತಾರೆ? ನೀವು ಪಶ್ಚಾತ್ತಾಪ ಪಟ್ಟಿದ್ದೀರಿ, ದೇವರಿಗೆ ಗೊತ್ತಲ್ಲ."

"ದೇವರಿಗೆ ಮೊದ್ಲಿಂದ್ಲೂ ಗೊತ್ತಿತ್ತು ಕಣೇ. ಗೊತ್ತಿಲ್ದೆ ಇರೋದು ಆ ಹದಿನಾಲ್ಕು ಹೆಂಗಸರಿಗೆ."

ನಾಲ್ಕನೆಯ ಶುಕ್ರವಾರ ಬೆಳಿಗ್ಗೆ ಅವಳು ಆಯಮ್ಮನ ಬಾಗಿಲು ತಟ್ಟಿದಳು. "ಮೂರಕ್ಕೆ ಪ್ರಾರ್ಥನೆಗೆ ಬನ್ನಿ. ನಿಮ್ಮ ವಿಷಯ ಇದೆ."

"ಇನ್ನೂ ಏನ್ ಉಳಿದಿದೆ?" ಎಂದು ಆಯಮ್ಮ ಬಾಗಿಲು ಹಾಕಿಕೊಂಡಳು.

ಆದರೂ ಬಂದಳು. ಚಪ್ಪಲಿಗಳ ಪಕ್ಕ, ಹೊಸ್ತಿಲ ಹತ್ತಿರವೇ ಸೆಟೆದು ಕೂತಳು. ಯಾರೂ ಸರಿದು ಜಾಗ ಕೊಡಲಿಲ್ಲ. ದರ್ಜಿಯ ಮುಷ್ಟಿಯೊಳಗೆ ಸರ ಬೆವರಿನಿಂದ ಒದ್ದೆಯಾಗಿತ್ತು. ಒಬ್ಬರ ಮಂಡಿನೋವು, ಇನ್ನೊಬ್ಬರ ಮಗನ ಪರೀಕ್ಷೆ, ಎಲ್ಲ ಮುಗಿಯಿತು.

"ಮತ್ತೆ ಯಾರದ್ದಾದ್ರೂ? ಇಲ್ವಾ? ಹಾಗಾದ್ರೆ ಕಣ್ಣು ಮುಚ್ಚೋಣ," ಎಂದರು ಪಾಸ್ಟರಮ್ಮ.

"ಮುಚ್ಚಬೇಡಿ!" ದರ್ಜಿಯ ದನಿ ಕೀರಲಾಗಿತ್ತು. "ನನ್ನನ್ನ ನೋಡಿ."

ಅವಳು ಎದ್ದು ಹೋಗಿ ಶಿಶುವಿಹಾರದ ಟೀಚರ್ ಮಡಿಲಲ್ಲಿ ಸರ ಇಟ್ಟಳು. "ಮಗುವಿನ ಫ್ರಾಕಿನ ಅಸ್ತರಿನಲ್ಲಿತ್ತು. ಸಿಕ್ಕಿ ತಿಂಗಳಾಯ್ತು, ಬಚ್ಚಿಟ್ಟಿದ್ದೆ."

"ಅಯ್ಯೋ ದೇವರೇ," ಎಂದರು ಟೀಚರ್. ಪಾಸ್ಟರಮ್ಮ ಗಾಬರಿಯಿಂದ, "ಆಯ್ತಮ್ಮ, ಕೂತ್ಕೊಳ್ಳಿ, ನಾವು ನಾವೇ ಮಾತಾಡ್ಕೊಳ್ಳೋಣ," ಎಂದು ಅವಳ ಸೆರಗು ಜಗ್ಗಿದರು.

ದರ್ಜಿ ಕೂರಲಿಲ್ಲ. ಬಾಗಿಲ ಕಡೆ ತಿರುಗಿದಳು. "ಆಯಮ್ಮ ಕದ್ದಿಲ್ಲ. ಏನೂ ಗೊತ್ತಿಲ್ದೆ ನಾನೇ ಚಾಡಿ ಹೇಳಿದ್ದು. ಪ್ರಾರ್ಥನೆ ಅಂತ ಹೇಳಿಬಿಟ್ಟೆ," ಎಂದು ಪಿಸುಗುಟ್ಟಿದಳು.

ಆಯಮ್ಮ ಕೈಚಾಚಿ ಪಕ್ಕದ ಕಿಟಕಿಯ ಎರಡೂ ಬಾಗಿಲುಗಳನ್ನು ಬೀದಿಗೆ ತೆರೆದಳು.

"ಸ್ವಲ್ಪ ಜೋರಾಗಿ ಹೇಳಿ," ಎಂದಳು. "ಅವತ್ತು ಹೇಳಿದ್ದು ಕೊನೇ ಮನೇವರೆಗೂ ಕೇಳ್ಸಿತ್ತು."

ದರ್ಜಿ ಕಿಟಕಿಯ ಬಳಿ ನಡೆದಳು. ಎದುರಿನ ಅಂಗಡಿಯವರು ತಲೆಯೆತ್ತಿ ನೋಡಿದರು. ಅವಳು ಕಂಬಿ ಹಿಡಿದು, ಉಸಿರೆಳೆದುಕೊಂಡು, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಮತ್ತೆ ಹೇಳಿದಳು.