ಕೆಮ್ಮಣ್ಣಿನ ಗುರುತು

ಪದ್ಮಾಬಾಯಿ ಕಲ್ಲಿನ ತುಂಡೊಂದನ್ನು ಕಿಟಕಿಯ ಬೆಳಕಿಗೆ ತಿರುವಿ ಅದರ ಅಡಿಯ ಕೆಂಪು ಚುಕ್ಕಿಗಳನ್ನು ಎಣಿಸುತ್ತಿದ್ದಾಗ ನಡುಮನೆಯಿಂದ ಅವಳ ಅತ್ತೆ, ಗಂಡನ ತಾಯಿ ರುಕ್ಮಿಣಿಬಾಯಿ ಕೂಗಿದರು.

"ಪದ್ಮಾ, ಹೆಣಾ ಹೊರಗಿಟ್ಟು ಒಳಗೇನ್ ಮಾಡ್ಲಿಕತ್ತಿ? ಮಂದಿ ಬರ್ಲಿಕತ್ತಾರ."

"ಬಂದೆರಿ."

ಐದು ಚುಕ್ಕಿ, ಕೆಳಗೊಂದು ಅಡ್ಡಗೆರೆ. ಬಾಲದ ಐದನೆಯ ಮಣಿ, ಗೆರೆಯಿದ್ದ ಬದಿ ನೆಲಕ್ಕೆ. ಅವಳು ವಹಿಯಲ್ಲಿ ಆ ತುಂಡಿನ ಆಕಾರ ಬರೆದು, ಚುಕ್ಕಿಯಿಟ್ಟು, ಪಕ್ಕದಲ್ಲಿ ತೊಂಬತ್ತೆರಡು ಎಂದು ಬರೆದಳು. ಹಿಂದಿನ ಆ ಕೋಣೆಯಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಪೇರಿಸಿಟ್ಟ ತುಂಡುಗಳು ಇನ್ನೂ ಇನ್ನೂರಕ್ಕೂ ಹೆಚ್ಚಿದ್ದವು. ಬಾಲದ ತುದಿ, ಎರಡು ಕಾಲು, ದವಡೆ ಎಲ್ಲ ಉಳಿದೇ ಇತ್ತು.

ಅವಳು ವಹಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಬಂದಳು. ನಡುಮನೆಯ ಫರಸಿಕಲ್ಲಿನ ನೆಲದ ಮೇಲೆ ದರ್ಭೆ ಹಾಸಿ ಸುಮಿತ್ರಾಬಾಯಿಯವರನ್ನು ಮಲಗಿಸಿದ್ದರು. ಮೂರು ವಾರದ ಜ್ವರ ಬೆಳಗಿನ ಜಾವಕ್ಕೆ ಬಿಟ್ಟಿತ್ತು. ಬೋಳಿಸಿದ ತಲೆಯ ಮೇಲಿನ ಕೆಂಪು ಸೀರೆಯ ಸೆರಗು ಜಾರಿತ್ತು. ಪದ್ಮಾ ಬಗ್ಗಿ ಸರಿಮಾಡಿದಳು. ಹನ್ನೊಂದಕ್ಕೆ ವಿಧವೆಯಾಗಿ ಶಹಾಬಾದದ ಅಣ್ಣನ ಮನೆಗೆ ಬಂದ ಜೀವ, ಈಗ ಐವತ್ತನಾಲ್ಕು. ಪದ್ಮಾಳಿಗೆ ಮೂರು ವರ್ಷವಾಗಿದ್ದಾಗ ತಾಯಿ ಸತ್ತಳು. ಅಲ್ಲಿಂದ ಅವಳನ್ನು ಬೆಳೆಸಿದವಳು ಈ ಆತ್ಯಾ, ಅಪ್ಪನ ತಂಗಿ.

ಹೊರಗೆ ಓಣಿಯಲ್ಲಿ ಬಂಡಿಯ ಹಾಜಿಸಾಬ ಯಾರಿಗೋ ಹೇಳುತ್ತಿದ್ದ. "ಚಿಂಚೋಳಿಯಿಂದ ಏಳು ಗೋಣಿ ಎಲುಬು ನನ್ನ ಬಂಡ್ಯಾಗೇ ಬಂದಾವ್ರಿ. ಎರಡು ದಿನಾ ಎತ್ತು ಮೇವು ಮುಟ್ಟಲಿಲ್ಲ. ವಾಸನಿ ಹತ್ತಿತ್ತೇನೋ. ರಾಯರು ಇದು ಕಲ್ಲು ಹಾಜಿಸಾಬ ಅಂದ್ರು. ಎತ್ತಿಗೆ ಹೇಳ್ರಿ ಅಂದೆ ನಾ."

ಯಾರೋ ನಗಲು ಹೋಗಿ ಕೆಮ್ಮಿದರು.

*

ಅದು ಹದಿನೇಳು ವರ್ಷದ ಹಿಂದಿನ ಮಾತು. ಪದ್ಮಾಳ ಅಪ್ಪ ಪಾಂಡುರಂಗರಾಯರು ಆಗ ಗುಡ್ಡಗಾಡಿನ ಮಣ್ಣು ಕಲ್ಲು ಪರೀಕ್ಷಿಸುವ ತಂಡವೊಂದರಲ್ಲಿ ನಕಾಶೆ ಬರೆಯುತ್ತಿದ್ದರು. ಚಿಂಚೋಳಿಯ ಆಚೆ ಹಳ್ಳದ ದಂಡೆ ಕುಸಿದು, ಕರಿಬಂಡೆಯ ಅಡಿಯ ಕೆಂಪು ಜೇಡಿಯಲ್ಲಿ ಎಲುಬು ತೋರಿದವು. ತಂಡದ ಸಾಹೇಬ ನಾಲ್ಕು ಚೆಂದದವನ್ನು ಆರಿಸಿಕೊಂಡು, ಒಡೆದವನ್ನು ಎಸೆಯಿರಿ ಎಂದ. ರಾಯರಿಗೆ ಎಸೆಯಲು ಮನಸ್ಸು ಬರಲಿಲ್ಲ.

"ಇವೇನಣ್ಣಾ?" ಗೋಣಿಯಲ್ಲಿ ಕೈಹಾಕಿ ಸುಮಿತ್ರಾಬಾಯಿ ಕೇಳಿದ್ದರು.

"ಎಲುಬು. ಮನುಷ್ಯಾ ಹುಟ್ಟೂಕಿಂತ ಕೋಟಿಗಟ್ಟಲೆ ವರ್ಷ ಮೊದಲಿನ ಪ್ರಾಣಿದು. ಡೈನೋಸಾರ ಅಂತಾರ."

ಅವರು ಕೆಂಡ ಮುಟ್ಟಿದಂತೆ ಕೈ ಹಿಂದೆಳೆದುಕೊಂಡರು. "ಎಲುಬು ಮನೀಗೆ ತಂದಿಯಾ? ನನ್ನ ಮಡಿ ಏನಾಗಬೇಕೋ?"

"ಎಲುಬು ಇತ್ತವ್ವಾ ಆಗ. ಈಗ ಪೂರಾ ಕಲ್ಲಾಗ್ಯದ."

ಅಣ್ಣನ ಮಾತನ್ನು ಅವರು ಪೂರ್ತಿ ನಂಬಲಿಲ್ಲ. ಮರುದಿನ ಉಗುರಿನಷ್ಟು ಚೂರನ್ನು ಒಲೆಯ ಕೆಂಡದಲ್ಲಿಟ್ಟು, ಮೂಗಿನ ಮುಂದೆ ಸೆರಗು ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತರು. ಎಲುಬಾದರೆ ಕಮರು ಬರಬೇಕು. ಬರಲಿಲ್ಲ. ಇಕ್ಕಳದಿಂದ ತೆಗೆದು ನೀರು ಹಾಕಿದರು. ಚುಂಯ್ ಎಂದಿತು, ಬೂದಿಯಾಗಲಿಲ್ಲ. "ಕಲ್ಲೇ," ಎಂದರು. ಮನೆಯ ಪುರೋಹಿತ ಶ್ರೀನಿವಾಸಾಚಾರ್ಯರಿಗೂ ಆ ಚೂರು ತೋರಿಸಿ ಹೂಂ ಅನ್ನಿಸಿಕೊಂಡರು.

ಎರಡು ವರ್ಷ ರಾಯರು ತುಂಡು ಜೋಡಿಸಲು ಹೆಣಗಿ ಕೈಬಿಟ್ಟರು. ಒಂದು ಮಧ್ಯಾಹ್ನ ಸುಮಿತ್ರಾಬಾಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ಎರಡು ತುಂಡುಗಳ ಮುರಿದ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಹತ್ತಿಯ ಎಳೆ ಹಿಡಿದಂತೆ ಒಂದು ಇನ್ನೊಂದನ್ನು ಹಿಡಿಯಿತು. ಮತ್ತೆ ಅವರು ಆ ಕೆಲಸ ಬಿಡಲಿಲ್ಲ.

ಅಂದಿನಿಂದ ಊಟದ ಪಾತ್ರೆ ತೊಳೆದ ಮೇಲೆ ಅವರು ಆ ಕೋಣೆ ಸೇರುತ್ತಿದ್ದರು. ಮುಂಜಾನೆ ಹೊರಟವರಿಗೆ ಎದುರಾಗಬಾರದೆಂದು, ಮುಯ್ಯಿ ತಂದವರ ಕಣ್ಣಿಗೆ ಬೀಳಬಾರದೆಂದು ಇಡೀ ಮನೆಯಲ್ಲಿ ಸರಿದು ಸರಿದು ನಿಲ್ಲುತ್ತಿದ್ದವರು ಅಲ್ಲಿ ಮಾತ್ರ ನಡುವಿನಲ್ಲಿ ಕಾಲು ಚಾಚಿ ಕೂಡುತ್ತಿದ್ದರು.

*

"ಆಚಾರ್ರೇ, ಒಂದು ಮಾತು," ಎಂದರು ರುಕ್ಮಿಣಿಬಾಯಿ. ಸೇಡಂದಿಂದ ಸೊಸೆಯ ಜೊತೆ ಬೀಗರ ಮನೆಗೆ ಬಂದು ಎಂಟು ದಿನದಿಂದ ರೋಗಿಯ ಸೇವೆ ಮಾಡಿದ್ದರು. ಅವರ ಕಣ್ಣೂ ಬಾತಿದ್ದವು. "ಆ ಕ್ವಾಣ್ಯಾಗ ಎಲುಬಿನ ರಾಶಿ ಅದ. ಮಾಂಸಾ ತಿನ್ನೋ ಪ್ರಾಣಿದಂತ. ಅದನ್ನಿಟ್ಕೊಂಡು ಕರ್ಮಾ ಹ್ಯಾಂಗ ಮಾಡಾದು? ಇವತ್ತೇ ಕಾಗಿಣಿ ಹೊಳಿಗೆ ಹಾಕಿಸಿಬಿಡ್ರಿ. ಆಕಿ ಜೀವಕ್ಕೂ ಶಾಂತಿ."

ಅತ್ತೆಯ ಮುಂದೆ ಪದ್ಮಾ ಎಂದೂ ದನಿ ಎತ್ತಿದವಳಲ್ಲ. "ಎಲುಬಲ್ಲರಿ ಅವು!" ಎಂದಳು. ಬಂದ ಹೆಂಗಸರೆಲ್ಲ ತಿರುಗಿದರು. "ಕಲ್ಲು ಅವು. ಆತ್ಯಾ ಬೆಂಕ್ಯಾಗ ಹಾಕಿ ನೋಡ್ಯಾಳ. ಆಚಾರ್ರಿಗೂ ಗೊತ್ತದ, ಕೇಳ್ರಿ. ಮನೀ ಫರಸಿ ಹ್ಯಾಂಗೋ ಹಂಗ."

ಶ್ರೀನಿವಾಸಾಚಾರ್ಯರು ದರ್ಭೆ ಹೆಣೆಯುವುದನ್ನು ನಿಲ್ಲಿಸಿದರು. "ಹೌದು, ತೋರಿಸಿದ್ದಳು. ಕಲ್ಲೇ. ಇರಲಿ ಬಿಡ್ರಿ ರುಕ್ಮಿಣಿಬಾಯಿ. ಕಲ್ಲಿಗೆ ಏನದ, ನೀರು ಹಾಕಿದ್ರ ಶುದ್ಧ."

"ಹಂಗಾದ್ರ ಮನೀ ತೊಳಿಯೂ ಮುಂದ ಅವನ್ನೂ ತೊಳೀಬೇಕು."

"ನಾನೇ ತೊಳೀತೀನ್ರಿ," ಎಂದಳು ಪದ್ಮಾ ಗಡಿಬಿಡಿಯಲ್ಲಿ. "ಯಾರೂ ಮುಟ್ಟಬ್ಯಾಡ್ರಿ. ನಾನೇ, ನನ್ನ ಕೈಯಾರೆ."

ನೀರು ಬಿದ್ದರೆ ಚುಕ್ಕಿಗಳ ಗುರುತು ಅಳಿಯುತ್ತದೆಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೆಣ ಮುಂದಿರುವಾಗ ವಹಿ ಬರೆಯುತ್ತಿದ್ದೆನೆಂದು ಹೇಳುವುದು ಹೇಗೆ? ನದಿಗೆ ಬೀಳುವುದು ತಪ್ಪಿತಲ್ಲ ಎಂಬ ನೆಮ್ಮದಿಯಲ್ಲಿ ಅವಳು ಸುಮ್ಮನಾದಳು.

ಪಕ್ಕದ ಮನೆಯ ಅಮೃತಮ್ಮ ಅವಳ ಬೆನ್ನು ಸವರಿದಳು. ಮೂವತ್ತು ವರ್ಷ ಹಿತ್ತಲ ಗೋಡೆಯ ಮೇಲಿಂದ ಸುಮಿತ್ರಾಬಾಯಿಯ ಜೊತೆ ಮಾತಾಡಿದವಳು ಅವಳು. "ಎಂಟು ದಿನಾ ಆತು ಕಣ್ಣು ಮುಚ್ಚಿಲ್ಲ ಕೂಸು. ಎಷ್ಟಂತ ನೀನೇ ಮಾಡ್ತೀಯವ್ವಾ?"

*

ಪದ್ಮಾ ಎಂಟು ವರ್ಷದವಳಿದ್ದಾಗ ರಾಯರು ಪ್ರಾಣಿಯ ಚಿತ್ರ ಬರೆದು ಕೋಣೆಯ ಗೋಡೆಗೆ ಅಂಟಿಸಿದ್ದರು. ಎಮ್ಮೆಯ ಹಾಗೆ ನಾಲ್ಕು ಕಾಲು.

ಸುಮಿತ್ರಾಬಾಯಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಅಣ್ಣಾ, ಮುಂದಿನ ಕಾಲು ನನ್ನ ತೋಳಿನಷ್ಟು ಅವ. ಹಿಂದಿನವು ಕಂಬದಷ್ಟು. ಇದು ನಾಲ್ಕರ ಮ್ಯಾಲ ಹ್ಯಾಂಗ ನಡೀಬೇಕು, ಮುಗ್ಗರಿಸ್ತದ."

"ಮತ್ತ?"

"ಎರಡೇ ಕಾಲ ಮ್ಯಾಲ ನಿಂತದ. ನಾ ನೀರಿನ ಕೊಡಾ ಒಂದು ಬದಿ ಹೊತ್ರ ಇನ್ನೊಂದು ಬದಿ ವಾಲ್ತೀನಿಲ್ಲ? ಮುಂದ ಇಷ್ಟು ದೊಡ್ಡ ತಲಿ ಇದ್ರ ಹಿಂದ ಅಷ್ಟೇ ಭಾರದ ಬಾಲ ಇರಬೇಕು. ಬಾಲದ ಮಣಿ ಕಮ್ಮಿ ಬಿದ್ದಾವ, ಅಷ್ಟ."

"ಏನು ತಿಂತಿತ್ತು ಆತ್ಯಾ?" ಎಂದು ಪದ್ಮಾ ಕೇಳಿದ್ದಳು.

ಸುಮಿತ್ರಾಬಾಯಿ ಒಂದು ಹಲ್ಲನ್ನು ಅವಳ ಅಂಗೈಯಲ್ಲಿಟ್ಟರು. ಹಿಂದಕ್ಕೆ ಬಾಗಿದ್ದ ಅದರ ಅಂಚಿನಲ್ಲಿ ಕುಡುಗೋಲಿನ ಹಾಗೆ ಸಣ್ಣ ಗರಗಸ. "ನಮ್ಮಂಗ ಪುಂಡಿಪಲ್ಯಾ ತಿನ್ನೂದಲ್ಲ ಇದು. ಆದ್ರ ಅದರದೇನು ತಪ್ಪು, ಹಲ್ಲು ಹಂಗ ಕೊಟ್ಟಾನ."

ಎಡಗಡೆ ಇದ್ದು ಬಲಗಡೆ ಇಲ್ಲದ ಎಲುಬಿಗೆ ಅವರು ಅಳತೆ ಹಿಡಿದು ಹಸಿ ಜೇಡಿಮಣ್ಣಿನಲ್ಲಿ ಜೋಡಿ ಮಾಡಿ ನೆರಳಲ್ಲಿ ಒಣಗಿಸುತ್ತಿದ್ದರು. ಎರಡೂ ಕಡೆ ಇಲ್ಲದ್ದನ್ನು ಮಾತ್ರ ಮಾಡುತ್ತಿರಲಿಲ್ಲ. "ನೋಡದೆ ಇದ್ದದ್ದು ಹ್ಯಾಂಗ ಮಾಡ್ಲಿ?" ಅನ್ನುವರು. ಕೋಣೆ ಆರು ಮೊಳ, ಪ್ರಾಣಿ ಹದಿನೆಂಟು ಮೊಳ. ಒಂದು ದಿನ ಕುತ್ತಿಗೆ ಹಾಸಿ ನೋಡಿ ತೆಗೆದಿಡುವರು, ಇನ್ನೊಂದು ದಿನ ಬಾಲ. ಓದು ಬರದ ಅವರು ತುಂಡಿನ ಜಾಗ ಮರೆಯದಂತೆ ಕೆಮ್ಮಣ್ಣು ಕಲಸಿ ಚುಕ್ಕಿ, ಗೆರೆ ಇಡುತ್ತಿದ್ದರು. ಅಣ್ಣ ಶಾಯಿ ಕೊಡುತ್ತೇನೆಂದರೆ ಬೇಡವೆಂದರು. "ತಪ್ಪಾದ್ರ ಒರಸಿ ಮತ್ತ ಹಾಕಬೇಕಲ್ಲ. ನನಗ ಭಾಳ ಸಲ ತಪ್ಪತದ."

ರಾಯರು ಹೈದರಾಬಾದಿಗೆ ಹನ್ನೆರಡು ವರ್ಷ ಪತ್ರ ಬರೆದರು. ಕಳೆದ ತಿಂಗಳು, ಅಧಿಕಾರಿ ಬದಲಾದ ಮೇಲೆ, ಉತ್ತರ ಬಂತು. ಯಾವ ತುಂಡು ಎಲ್ಲಿಯದೆಂದು ತಿಳಿದಿದ್ದರೆ ಪ್ರಾಣಿಯನ್ನು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸುತ್ತೇವೆ. ತಿಳಿಯದಿದ್ದರೆ ಅದು ಬರೀ ಜಲ್ಲಿ, ನಮಗೆ ಬೇಡ. ಮುಂದಿನ ತಿಂಗಳ ಕೊನೆಯ ಸೋಮವಾರ ಜನರನ್ನು ಕಳಿಸುತ್ತೇವೆ. ಪಾಂಡುರಂಗರಾಯರ ಪರಿಶ್ರಮ ಮೆಚ್ಚತಕ್ಕದ್ದು.

"ನಿನ್ನ ಹೆಸರು ಬರಿಯೂದು ಬಿಟ್ಟೆ ಸುಮಿತ್ರಾ," ಎಂದು ರಾಯರು ತಲೆ ತಗ್ಗಿಸಿದ್ದರು.

"ಇರಲಿ ಬಿಡು. ನಿಂತದ್ದು ಒಮ್ಮೆ ನೋಡಿದ್ರ ಸಾಕು ನನಗ. ರೈಲಿನ್ಯಾಗ ಕರ್ಕೊಂಡು ಹೋಗ್ತೀಯಿಲ್ಲ?"

ನಾಲ್ಕನೆಯ ದಿನಕ್ಕೆ ಜ್ವರ ಬಂತು. ಸೇಡಂದಿಂದ ಬಂದ ಪದ್ಮಾಳ ಕೈಯಲ್ಲಿ ವಹಿ ಹಿಡಿಸಿ, ಹಾಸಿಗೆಯಿಂದಲೇ ಚುಕ್ಕಿಗಳ ಅರ್ಥ ಹೇಳಿಕೊಟ್ಟರು. "ನಾ ನೋಡದಿದ್ರ ನಡೀತದ. ಅದು ನಿಲ್ಲಬೇಕವ್ವಾ. ಬರ್ಕೊಂಡು ಬಿಡು."

*

ಚಟ್ಟ ಎತ್ತಿದಾಗ ಹಗುರಿತ್ತು. ಹೊತ್ತವರು ಒಂದು ಹೆಜ್ಜೆ ಹೆಚ್ಚೇ ಮುಂದೆ ಬಿದ್ದರು. ರಾಯರು ಮಡಕೆ ಹಿಡಿದು ಮುಂದೆ ನಡೆದರು. ಪದ್ಮಾ, ರುಕ್ಮಿಣಿಬಾಯಿ ಓಣಿಯ ತುದಿಯವರೆಗೆ ಹೋಗಿ ನಿಂತರು. ಅಲ್ಲಿಂದ ಹೆಂಗಸರಿಗೆ ದಾರಿಯಿಲ್ಲ. ಕಾಗಿಣಿಯ ಕಡೆಗೆ ಧೂಳು ಇಳಿಯುವವರೆಗೆ ನೋಡಿ, ಹನುಮಂತದೇವರ ಬಾವಿಗೆ ಹೋದರು. ರುಕ್ಮಿಣಿಬಾಯಿ ಕೊಡದ ಮೇಲೆ ಕೊಡ ಸೇದಿ ಸೊಸೆಯ ತಲೆಗೆ ಸುರಿದರು. ಮೂರನೆಯ ಕೊಡಕ್ಕೆ ಪದ್ಮಾ ಬಾವಿಯ ಕಟ್ಟೆ ಹಿಡಿದು ಕುಸಿದು, ಮೊದಲ ಸಲ ಬಾಯಿ ತೆಗೆದು ಅತ್ತಳು. ಅತ್ತೆ ತಡೆಯಲಿಲ್ಲ. ಕೊಡ ಕೆಳಗಿಟ್ಟು ತಾವೂ ಒದ್ದೆ ಕಲ್ಲಿನ ಮೇಲೆ ಕುಳಿತರು. ಬಹಳ ಹೊತ್ತು ಹಿಡಿಯಿತು.

ಮನೆಗೆ ಬಂದಾಗ ನಡುಮನೆ ತೊಳೆದಾಗಿತ್ತು. ಹೆಣವಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಬರೀ ನೆಲ. ಆ ನೆಲವೂ ಒದ್ದೆ.

ಹಿತ್ತಲಲ್ಲಿ ಅಮೃತಮ್ಮ ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿ, ತೆಂಗಿನ ನಾರು ಹಿಡಿದು ಕೊನೆಯ ತುಂಡನ್ನು ತಿಕ್ಕುತ್ತಿದ್ದಳು. ಸುತ್ತ ರಾಶಿ ರಾಶಿಯಾಗಿ ತೊಳೆದ ಕಲ್ಲು.

"ಬಂದಿಯೇನವ್ವಾ? ಎಲ್ಲಾ ಆತು. ಒಂದೂ ಬಿಟ್ಟಿಲ್ಲ ನೋಡು." ಅವಳು ಮೊಣಕೈಯಿಂದ ಹಣೆಯ ಬೆವರು ಒರೆಸಿಕೊಂಡಳು. "ಎಷ್ಟು ಕೆಮ್ಮಣ್ಣು ಮೆತ್ತಿತ್ತು ಅಂತಿ. ಚಿಂಚೋಳಿ ಹಳ್ಳದ್ದು ಹಂಗೇ ಉಳ್ದಿತ್ತು ಕಾಣ್ತದ. ಕೆಲವಂತೂ ಬರೇ ಮಣ್ಣಿನ ಹೆಂಟಿ, ನೀರು ಬಿದ್ದ ಕೂಡ್ಲೆ ಕರಗಿಹೋದವು. ಕಲ್ಲು ಇದ್ದದ್ದು ಮಾತ್ರ ಗಟ್ಟಿ ಅವ. ಸುಮಿತ್ರಾಬಾಯಿಗೆ ನಾ ಇನ್ನೇನು ಮಾಡಲಿಕ್ಕೆ ಬರ್ತದ, ಇಷ್ಟಾದ್ರೂ ಮಾಡೋಣಂತ..." ನಾರು ಹಿಡಿದ ಬೆರಳುಗಳ ತುದಿ ಸುಲಿದಿದ್ದವು.

ಪದ್ಮಾ ಒಂದು ತುಂಡು ಎತ್ತಿ ತಿರುವಿದಳು. ಚುಕ್ಕಿಯಿರಲಿಲ್ಲ, ಗೆರೆಯೂ ಇರಲಿಲ್ಲ. ಇನ್ನೊಂದು. ಇನ್ನೊಂದು.

"ಯಾಕವ್ವಾ? ಏನರ ತಪ್ಪಾತೇನು?"

ಪದ್ಮಾ ಆ ಮುದುಕಿಯ ಮುಖ ನೋಡಿದಳು. "ಇಲ್ಲ ಅಮೃತಮ್ಮಾ," ಎಂದಳು. "ಚಲೋ ತೊಳದೀರಿ. ಮನೀಗೆ ಹೋಗಿ ಸ್ನಾನಾ ಮಾಡ್ರಿ. ದಣದೀರಿ."

ಅಮೃತಮ್ಮ ಗೋಡೆ ಹಿಡಿದು ಎದ್ದು ಹೋದಳು. ಪದ್ಮಾ ಒದ್ದೆ ಸೀರೆಯಲ್ಲೇ ಕಲ್ಲುಗಳ ನಡುವೆ ಕುಳಿತಳು. ವಹಿಯಲ್ಲಿ ಬರೆದದ್ದು ತೊಂಬತ್ತೆರಡು ಮಾತ್ರ. ಕಣ್ಣು ಮುಚ್ಚಿ, ಒಂದು ತುಂಡಿನ ಮುರಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಬೆರಳಿಗೆ ಕಲ್ಲು ತಣ್ಣಗಿದೆ, ಒರಟಾಗಿದೆ ಎಂಬುದಷ್ಟೇ ತಿಳಿಯಿತು.

ಮಧ್ಯಾಹ್ನ ಗಂಡಸರು ಹೊಳೆಯಿಂದ ಮರಳಿ ತಲೆಬಾಗಿಲಲ್ಲಿ ನಿಂತರು. ಕಾಲಿಗೆ ನೀರು ಕೊಡದೆ ಒಳಗೆ ಬರುವಂತಿಲ್ಲ. "ಪದ್ಮಾ, ನೀರು ತಾರವ್ವಾ," ಎಂದು ರಾಯರು ಕರೆದರು. ಮತ್ತೊಮ್ಮೆ ಕರೆದರು. ಕೊನೆಗೆ ರುಕ್ಮಿಣಿಬಾಯಿ ತಂಬಿಗೆ ತಂದು ಸುರಿದು, ಹಿತ್ತಲ ಕಡೆ ನೋಡಿದರು.

ರಾಯರು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು. ಬಿಸಿಲಿಗೆ ಕಲ್ಲುಗಳು ಒಂದೊಂದಾಗಿ ಒಣಗುತ್ತ ಎಲ್ಲವೂ ಒಂದೇ ಬೂದು ಬಣ್ಣಕ್ಕೆ ತಿರುಗುತ್ತಿದ್ದವು. ಅವರು ಮೆಲ್ಲಗೆ ಬಂದು ಮಗಳ ಎದುರು ಕುಳಿತು, ಒಂದು ತುಂಡು ಆರಿಸಿ ಅವಳ ಕೈಗೆ ಕೊಟ್ಟರು. ಅವಳು ತನ್ನ ಕೈಯಲ್ಲಿದ್ದದ್ದಕ್ಕೆ ಅದನ್ನು ಹಿಡಿದು, ತಿರುವಿ, ಮತ್ತೆ ಹಿಡಿದು ನೋಡಿದಳು. ಕೂಡಲಿಲ್ಲ. ರಾಯರು ಅದನ್ನು ತೆಗೆದುಕೊಂಡು ಬದಿಗಿಟ್ಟು, ಇನ್ನೊಂದು ಕೊಟ್ಟರು.