ಎಡಗಡೆಯ ಹಿಂದಿನ ಪೆಟ್ಟಿಗೆ

ಟಿ.ವಿ. ಬಂದ ದಿನ ಅದನ್ನು ಹೊಸ್ತಿಲು ದಾಟಿಸುವುದರಲ್ಲೇ ಅರ್ಧ ಬೆಳಗು ಕಳೆಯಿತು. ರಟ್ಟಿನ ಡಬ್ಬ ಬಾಗಿಲಿಗಿಂತ ಅಗಲ. ಒಂದು ತುದಿಗೆ ಮಗ, ಇನ್ನೊಂದು ತುದಿಗೆ ಜೋಡಿಸಿಕೊಡಲು ಬಂದ ಮೀಸೆಯವನು. ಹಾಗೆ ಓರೆ ಮಾಡಿ, ಹೀಗೆ ವಾಲಿಸಿ, ಕೊನೆಗೆ ಮಗನ ಮೊಣಕೈ ಗೋಡೆಗೆ ತರಚಿ ರಕ್ತ ಬಂದ ಮೇಲೆ ಡಬ್ಬ ಒಳಗೆ ಬಂತು.

"ನಿನ್ನ ಹೆರೋವಾಗ್ಲೂ ನಂಗಿಷ್ಟು ಕಷ್ಟ ಆಗಿರ್ಲಿಲ್ಲ ಕಣೋ," ಅಂದಳು ಅಜ್ಜಿ, ತನ್ನ ಕುರ್ಚಿಯಲ್ಲಿ ಕೂತು.

"ನಾನು ಇಷ್ಟು ಅಗಲ ಇರ್ಲಿಲ್ಲ ಬಿಡಮ್ಮ," ಅಂದ ಮಗ.

ಮಗ ಬಸ್ ಓಡಿಸುವವನು. ಸೊಸೆಗೆ ಔಷಧಿ ಅಂಗಡಿಯಲ್ಲಿ ಕೆಲಸ. ಕೂಸು ಹುಟ್ಟಿದ ಮೇಲೆ ಗಂಡಹೆಂಡಿರಿಬ್ಬರೂ ಸಿನಿಮಾ ಥಿಯೇಟರಿನ ಕಡೆ ತಲೆ ಹಾಕಿರಲಿಲ್ಲ. ನಾವು ಹೋಗೋಕಾಗದಿದ್ದರೆ ಥಿಯೇಟರನ್ನೇ ಮನೆಗೆ ಕರೆಸಿಕೊಳ್ಳೋಣ ಅಂತ ಮಗ ಹಟ ಹಿಡಿದಿದ್ದ. ಗೋಡೆ ತುಂಬುವ ಟಿ.ವಿ., ಮಾತಿಗೂ ಹಾಡಿಗೂ ಐದು ಸ್ಪೀಕರ್ ಪೆಟ್ಟಿಗೆ, ಗುಡುಗಿಗೆಂದೇ ನೆಲದ ಮೇಲಿಡುವ ಇನ್ನೊಂದು ದಪ್ಪ ಪೆಟ್ಟಿಗೆ. ಹಜಾರದಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ.

ಅಜ್ಜಿಗೆ ಟಿ.ವಿ.ಯ ಚಿಂತೆ ಇರಲಿಲ್ಲ. ಅವಳದೇನಿದ್ದರೂ ಸೋಮವಾರದ ಚಿಂತೆ. ಸೋಮವಾರ ಸೊಸೆಯ ಹೆರಿಗೆ ರಜೆ ಮುಗಿಯುತ್ತದೆ. ಅಂದಿನಿಂದ ಹಗಲೆಲ್ಲ ಮೊಮ್ಮಗ ಗುಂಡ ಅಜ್ಜಿಯ ಕೈಯಲ್ಲಿ ಎಂದು ಮನೆಯಲ್ಲಿ ಮಾತಾಗಿತ್ತು. ಬೀದಿಯ ಕೊನೆಗೆ ಕೂಸುಗಳನ್ನು ನೋಡಿಕೊಳ್ಳುವ ಒಂದು ಮನೆ ಇತ್ತು, ಅದರ ಕಿಟಕಿಗಳಿಗೆ ಹಳದಿ ಬಣ್ಣ. ಸೊಸೆ ಒಮ್ಮೆ ಅಲ್ಲಿ ವಿಚಾರಿಸಿಕೊಂಡೂ ಬಂದಿದ್ದಳು. "ಅಮ್ಮ ಇರೋವಾಗ ಅದೆಲ್ಲ ಯಾಕೆ" ಅಂತ ಮಗನೇ ತಡೆದಿದ್ದ. ಅಲ್ಲಿಂದ ಮುಂದೆ ಅಜ್ಜಿ ಹಾಲು ತರಲು ಹೋಗುವಾಗ ಆ ಹಳದಿ ಕಿಟಕಿಯ ಕಡೆ ಕತ್ತೆತ್ತಿಯೂ ನೋಡುತ್ತಿರಲಿಲ್ಲ.

ಅವಳು ಯಾರಿಗೂ ಹೇಳದ ಸಂಗತಿ ಒಂದಿತ್ತು. ಅವಳ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ಹಳೇ ಕೊಡೆಯ ಹಾಗೆ, ಇದೆ ಅನ್ನುವುದಕ್ಕೆ ಇದೆ. ಹರೆಯದಿಂದ ತಲೆ ನರೆಯುವ ತನಕ ನೇಯ್ಗೆಯ ಕಾರ್ಖಾನೆಯಲ್ಲಿ ದುಡಿದವಳು ಅವಳು. ಆ ಯಂತ್ರಮಗ್ಗಗಳ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದು. ಹಾಗಾಗಿ ಅಲ್ಲಿಯ ಹೆಂಗಸರೆಲ್ಲ ತುಟಿ ನೋಡಿಯೇ ಮಾತಾಡುತ್ತಿದ್ದರು. ಆಚೆ ಸಾಲಿನವಳ ಮನೆಜಗಳ, ಈಚೆ ಸಾಲಿನವಳ ಬಸಿರು, ಮೇಸ್ತ್ರಿಗೆ ಬೈಗುಳ, ಎಲ್ಲ ತುಟಿಯಲ್ಲೇ. ಮೇಸ್ತ್ರಿ ಎದುರಿಗೇ ನಿಂತಿದ್ದರೂ ಅವನ ಏಳು ತಲೆಮಾರನ್ನು ಜಾಲಾಡುತ್ತಿದ್ದರು, ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಕಿವಿ ತಿಂದ ಕಾರ್ಖಾನೆಯೇ ಕಲಿಸಿದ ಆ ವಿದ್ಯೆ ಈಗ ಕೈ ಹಿಡಿದಿತ್ತು. ಮುಖ ಕಂಡರೆ ಸಾಕು, ಕೇಳಿದ ಹಾಗೆಯೇ. ಬೆನ್ನ ಹಿಂದಿನಿಂದ ಕರೆದರೆ ಮಾತ್ರ ತಾಪತ್ರಯ. ಆಗ "ಏನೋ ಯೋಚನೇಲಿದ್ದೆ ಕಣಮ್ಮ" ಅನ್ನುತ್ತಿದ್ದಳು. ವಯಸ್ಸಾದವರಿಗೆ ಯೋಚನೆ ಜಾಸ್ತಿ ಅಂತ ಮನೆಯವರೂ ಸುಮ್ಮನಾಗುತ್ತಿದ್ದರು.

ಕೂಸು ಅತ್ತರೆ ಏನು ಮಾಡುವುದು? ಅದಕ್ಕೂ ಒಂದು ದಾರಿ ಹುಡುಕಿಕೊಂಡಿದ್ದಳು. ಒಳಕೋಣೆಯ ತೊಟ್ಟಿಲಿಗೆ ಕಪ್ಪು ನೂಲೊಂದನ್ನು ಕಟ್ಟಿ, ಬಾಗಿಲ ಸಂದಿನಿಂದ ಹೊರಗೆ ತಂದು, ಗೋಡೆಯ ಬುಡ ಹಿಡಿದು ತನ್ನ ಕುರ್ಚಿಯವರೆಗೆ ಎಳೆದುಕೊಂಡಿದ್ದಳು. ಇನ್ನೊಂದು ತುದಿ ರವಿಕೆಯ ಉದ್ದ ತೋಳಿನೊಳಗೆ, ಮಣಿಕಟ್ಟಿಗೆ. ಗುಂಡ ಕಣ್ಣು ಬಿಟ್ಟರೆ ಮೊದಲು ಕಾಲು ಝಾಡಿಸುವವನು, ಅಳು ಆಮೇಲೆ. ತೊಟ್ಟಿಲು ಅಲುಗಿದರೆ ನೂಲು ಜಗ್ಗುತ್ತಿತ್ತು. ಸೊಸೆ ಸ್ನಾನಕ್ಕೋ ಅಂಗಡಿಗೋ ಹೋದಾಗಲೆಲ್ಲ ಕಟ್ಟಿ ಪರೀಕ್ಷೆ ಮಾಡಿ ನೋಡಿದ್ದಳು, ಒಮ್ಮೆಯೂ ತಪ್ಪಿರಲಿಲ್ಲ. ಇವತ್ತೂ ಕಟ್ಟಿದ್ದಳು. ಇಷ್ಟು ಗಲಾಟೆಯಲ್ಲಿ ಯಾರು ಗೋಡೆಯ ಬುಡ ನೋಡುತ್ತಾರೆ?

ಆದರೆ ಸ್ಪೀಕರಿನ ವೈರು ಹೋಗುವುದೂ ಗೋಡೆಯ ಬುಡದಲ್ಲೇ.

"ಇದ್ಯಾವ ವೈರು?" ಅಂತ ಮೀಸೆಯವನು ನೂಲನ್ನು ಬೆರಳಲ್ಲಿ ಎತ್ತಿದ.

"ಅದು ನಂದು. ಅದನ್ನ ಮುಟ್ಬೇಡಪ್ಪ, ನಿನ್ನ ವೈರು ಅದರ ಮೇಲೆ ಎಳ್ಕೋ," ಅಂದಳು ಅಜ್ಜಿ. ಸೊಸೆ ಅಡುಗೆಮನೆಯಲ್ಲಿದ್ದಳು. ಮೀಸೆಯವನು ಭುಜ ಹಾರಿಸಿ ನೂಲನ್ನು ಮೆಲ್ಲನೆ ಕೆಳಗಿಟ್ಟ. ಮನೆಮನೆಗೆ ಹೋಗುವ ಕಸುಬಿನವನು, ಎಂತೆಂಥ ಹುಚ್ಚು ನೋಡಿದ್ದನೋ.

ಅವನು ಒಳ್ಳೆಯವನೇ, ಕೆಲಸವೂ ಅಚ್ಚುಕಟ್ಟು. ಆದರೆ ಅಜ್ಜಿಗೆ ಅವನ ಮೀಸೆಯದೇ ಕಾಟ. ಅದು ಮೇಲ್ದುಟಿ ದಾಟಿ ಕೆಳದುಟಿಗೂ ನೆರಳು ಕೊಡುತ್ತಿತ್ತು. ಮೀಸೆಯವರ ಮಾತೆಂದರೆ ಪರದೆ ಎಳೆದ ಕಿಟಕಿ. ಒಳಗೆ ಏನೋ ಓಡಾಡುವುದು ಕಾಣುತ್ತದೆ, ಏನೆಂದು ತಿಳಿಯುವುದಿಲ್ಲ.

ಟಿ.ವಿ.ಯನ್ನು ಎಷ್ಟು ಎತ್ತರಕ್ಕೆ ಹಾಕಬೇಕು ಅನ್ನುವುದಕ್ಕೆ ಒಂದು ವಾದವಾಯಿತು. ಮಗನಿಗೆ ಮೇಲೆ ಬೇಕು, ಥಿಯೇಟರಿನ ಹಾಗೆ. "ಕೂತಾಗ ಕಣ್ಣಿನ ಮಟ್ಟಕ್ಕಿರ್ಬೇಕು ಸಾರ್. ಮೇಲೆ ಹಾಕಿದ್ರೆ ಕತ್ತು ನೋವು, ಆಮೇಲೆ ಮೇಡಂ ಅಂಗಡೀಲಿ ಮುಲಾಮು ಖರ್ಚು," ಅಂದ ಮೀಸೆಯವನು. ಸೊಸೆ "ವ್ಯಾಪಾರ ಆಗ್ಲಿ ಬಿಡಿ" ಅಂದಳು. ಕೊನೆಗೆ ಕಣ್ಣಿನ ಮಟ್ಟಕ್ಕೇ ಆಯಿತು. ಮಾತಿನ ಪೆಟ್ಟಿಗೆ ಟಿ.ವಿ.ಯ ಕೆಳಗೆ ನಡುವೆ, ಎಡಬಲಕ್ಕೆ ಎರಡು, ಸೋಫಾದ ಹಿಂದೆ ಎಡಬಲಕ್ಕೆ ಎರಡು. ಗುಡುಗಿನ ಪೆಟ್ಟಿಗೆ ಮೂಲೆಯಲ್ಲಿ. ಟಿ.ವಿ.ಗೊಂದು, ಸ್ಪೀಕರಿಗೊಂದು, ಸಿನಿಮಾ ತರಿಸುವ ಡಬ್ಬಿಗೊಂದು, ಹೀಗೆ ಮೂರು ರಿಮೋಟನ್ನು ಮೀಸೆಯವನು ಮಗನ ಕೈಗೆ ಕೊಟ್ಟ. "ಒಂದೊಂದೇ ಆನ್ ಮಾಡ್ಬೇಕು. ಮೊದಲು ಟಿ.ವಿ., ಆಮೇಲೆ ಡಬ್ಬಿ, ಕೊನೆಗೆ ಸ್ಪೀಕರ್. ಹಿಂದುಮುಂದಾದ್ರೆ ಮೂರೂ ಮುನಿಸ್ಕೋತವೆ."

"ನಮ್ಮನೇಲಿ ಈಗ್ಲೇ ಮೂರು ಜನ ಹಾಗೇ ಇದೀವಿ," ಅಂದ ಮಗ.

ಪರದೆ ಬೆಳಗಿತು. ಒಬ್ಬ ಗಂಡಸು, ಒಬ್ಬಳು ಹೆಂಗಸು ಮೇಜಿನ ಆಚೀಚೆ ಕೂತು ಜಗಳವಾಡುತ್ತಿದ್ದರು. ಅಷ್ಟು ದೊಡ್ಡ ಮುಖಗಳು! ತುಟಿಗಳು ಅಂಗೈಯಷ್ಟಗಲ. ಅಜ್ಜಿಗೆ ಖುಷಿಯಾಯಿತು. ಕಾರ್ಖಾನೆ ಬಿಟ್ಟ ಮೇಲೆ ಇಷ್ಟು ಸಲೀಸಾಗಿ ಓದುವಂಥ ಬಾಯಿ ಅವಳು ಕಂಡಿರಲಿಲ್ಲ. ಆದರೆ ಸ್ವಲ್ಪ ಹೊತ್ತು ನೋಡಿದವಳೇ ಹುಬ್ಬು ಗಂಟಿಕ್ಕಿದಳು. ಬಲಗಿವಿಗೆ ಬಿದ್ದಷ್ಟು ಸದ್ದಿಗೂ ಆ ತುಟಿಗಳಿಗೂ ತಾಳ ಕೂಡುತ್ತಿರಲಿಲ್ಲ.

"ಏನೋ ಸರಿಯಿಲ್ಲ. ಅವಳ ಬಾಯಿ ಮೊದಲು ಆಡುತ್ತೆ, ಮಾತು ಆಮೇಲೆ ಬರುತ್ತೆ."

"ಚೆನ್ನಾಗೇ ಇದ್ಯಲ್ಲಮ್ಮ," ಅಂದ ಮಗ.

"ಬಾಯಿ ಯಾರು ನೋಡ್ತಾರೆ ಅತ್ತೆ?" ಅಂತ ಸೊಸೆ ನಕ್ಕಳು.

ಮೀಸೆಯವನು ಮಾತ್ರ ಪರದೆಗೆ ಮುಖವಿಟ್ಟು ನೋಡಿದ. ಸ್ಪೀಕರ್ ಪೆಟ್ಟಿಗೆಯಲ್ಲಿ ಸದ್ದನ್ನು ತುಸು ತಡೆದು ಬಿಡುವ ಒಂದು ವ್ಯವಸ್ಥೆ ಇರುತ್ತದಂತೆ, ಅದು ಜಾಸ್ತಿಯಾಗಿತ್ತು. ಇಳಿಸಿದ. ಬಾಯಿಯೂ ಮಾತೂ ಕೂಡಿಕೊಂಡವು.

"ಅಬ್ಬಾ! ಅಜ್ಜಿ ಕಿವಿ ಅಂದ್ರೆ ಕಿವಿ! ನಂಗೇ ಗೊತ್ತಾಗಿರ್ಲಿಲ್ಲ. ಸಾರ್, ಸ್ಪೀಕರ್ ಪರೀಕ್ಷೆಗೆ ಅಜ್ಜೀನೇ ಕೂರ್ಲಿ. ನಡುವಿನ ಜಾಗ ಅವರದು."

ಈ ಮಾತನ್ನು ಅವನು ಕೂಗಿ ಆಡಿದ್ದರಿಂದ ಮೀಸೆಯಡಿಯಿಂದಲೂ ಅಜ್ಜಿಗೆ ಮುಟ್ಟಿತು. ಹೊಗಳಿ ಅಟ್ಟಕ್ಕೇರಿಸಿದರೆ ಯಾರಿಗೆ ತಾನೆ ಇಳಿಯಲು ಮನಸ್ಸಾದೀತು? ಒಲ್ಲೆನೆಂದರೆ ಯಾಕೆ ಅಂತ ಕೇಳುತ್ತಾರೆ ಅನ್ನುವ ಅಳುಕೂ ಇತ್ತು. ನೂಲನ್ನು ತೋಳಿನೊಳಗೆ ಸರಿಮಾಡಿಕೊಂಡು ಸೋಫಾದ ನಡುವೆ ಹೋಗಿ ಕೂತಳು. ನೂಲು ಅಲ್ಲಿಗೂ ಸಾಲುವಷ್ಟು ಉದ್ದವಿತ್ತು.

"ಒಂದೊಂದು ಪೆಟ್ಟಿಗೆಯಿಂದಲೂ ಶ್ಶ್ ಅಂತ ಸದ್ದು ಬರುತ್ತೆ. ಬಂದ ಕಡೆ ಕೈ ತೋರಿಸಿ. ಬೇರೆಯೋರು ಮಾತಾಡೋ ಹಾಗಿಲ್ಲ," ಅಂದ ಮೀಸೆಯವನು, ಅದೇ ದೊಡ್ಡ ದನಿಯಲ್ಲಿ.

ಮುಂದಿನ ಮೂರು ಪೆಟ್ಟಿಗೆ ಸುಲಭವಾಯಿತು. ಎದುರಿಗೆ ನಿಂತಿದ್ದ ಮಗನ ಕಣ್ಣು ಸದ್ದು ಬಂದ ಕಡೆಗೇ ಹೊರಳುತ್ತಿತ್ತು. ಅಜ್ಜಿ ಆ ಕಣ್ಣು ಹೋದತ್ತ ಕೈ ತೋರಿಸಿದಳು. ಹಿಂದಿನ ಬಲಗಡೆಯದು ಅವಳ ಬಲಗಿವಿಗೇ ಅಷ್ಟಿಷ್ಟು ಬಿತ್ತು. ಇನ್ನು ಉಳಿದದ್ದು ಹಿಂದಿನ ಎಡಗಡೆ. ಅಷ್ಟರಲ್ಲಿ ಮಗ ತರಚಿದ ಮೊಣಕೈ ನೋಡಿಕೊಳ್ಳುತ್ತಿದ್ದ. ಇರಲಿ, ಸುತ್ತು ಬಂದರೆ ಇನ್ನು ಅದೊಂದೇ ತಾನೆ ಬಾಕಿ. ಅಜ್ಜಿ ತಡಮಾಡದೆ ಎಡಗೈ ಎತ್ತಿ ಹಿಂದಕ್ಕೆ ತೋರಿಸಿದಳು.

"ಬಂತು. ಇದೇ ಎಲ್ಲಕ್ಕಿಂತ ಚೆನ್ನಾಗಿದೆ," ಅಂತ ಸೇರಿಸಿದಳು ಬೇರೆ.

ಮಗ ತಲೆಯೆತ್ತಿ ನೋಡಿದವನು ಹೊಟ್ಟೆ ಹಿಡಿದು ನಕ್ಕ. ಮೀಸೆಯೂ ಕುಣಿಯಿತು. ಅಜ್ಜಿ ಹಿಂದೆ ತಿರುಗಿದಳು. ಸೋಫಾದ ಹಿಂದೆ ಸೊಸೆ ನಿಂತಿದ್ದಳು. ರಟ್ಟಿನ ಚೂರು ಹೆಕ್ಕಲು ಬಗ್ಗಿದ್ದವಳ ಕೈಗೆ ಒಂದು ವೈರಿನ ತುದಿ ಸಿಕ್ಕಿತ್ತು. ಎಡಗಡೆಯ ಹಿಂದಿನ ಪೆಟ್ಟಿಗೆಗೆ ಹೋಗಬೇಕಾದ ವೈರು. ಅದನ್ನು ಯಾರೂ ಸಿಕ್ಕಿಸಿಯೇ ಇರಲಿಲ್ಲ.

"ಬಾಯಿ ಇಲ್ದಿರೋನ ಮಾತು ಕೇಳಿಸ್ಕೊಂಡ್ರಲ್ಲ ಅಜ್ಜಿ!" ಅಂತ ಮೀಸೆಯವನು ವೈರು ಸಿಕ್ಕಿಸಲು ಹೋದ. ಅಜ್ಜಿಯೂ ನಕ್ಕಳು. ನಗದೆ ವಿಧಿಯಿರಲಿಲ್ಲ. ನಗುತ್ತಲೇ ಮುಂದಕ್ಕೆ ತಿರುಗಿ ಕೂತಳು.

ಆಮೇಲೆ ಮಗನ ಮುಖ ನೋಡಿದಳು. ಅವನ ನಗು ನಿಂತಿತ್ತು. ಅವನು ಅವಳನ್ನು ನೋಡುತ್ತಿರಲಿಲ್ಲ, ಅವಳ ಎಡಭುಜದ ಹಿಂದೆ ನೋಡುತ್ತಿದ್ದ. ಬೆನ್ನ ಹಿಂದೆ ಯಾರೋ ಏನೋ ಅಂದಿದ್ದಾರೆ, ಬಹುಶಃ ಎರಡು ಸಲ ಅಂದಿದ್ದಾರೆ ಎಂದು ಅಜ್ಜಿಗೆ ಹೊಳೆಯಿತು.

"ಏನೋ ಯೋಚನೇಲಿದ್ದೆ ಕಣಮ್ಮ," ಅಂದಳು.

ಸೊಸೆ ಸುತ್ತಿ ಬಂದು ಎದುರಿಗೆ ನಿಂತಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅಜ್ಜಿಗೆ ಹೆಚ್ಚು ಭಯವಾಯಿತು.

"ಗುಂಡನ ಹಾಲಿನ ಬಾಟಲಿ ಎಲ್ಲಿಟ್ರಿ ಅಂತ ಕೇಳ್ದೆ ಅತ್ತೆ. ಪಕ್ಕದಲ್ಲೇ ನಿಂತು ಕೇಳ್ದೆ. ಯಾವಾಗಿಂದ ಹೀಗೆ?"

ಅಜ್ಜಿ ಸುಳ್ಳು ಹೇಳಲು ಬಾಯಿ ತೆರೆದಳು, ನಿಜವೇ ಬಂತು. "ಕಾರ್ಖಾನೆ ಬಿಡೋ ಮುಂಚೆಯಿಂದ. ಎಡಗಡೇದು."

"ಬಲಗಡೇದು?"

"ಅದು ಇದೆ. ಇದೆ ಅನ್ನೋ ಹಾಗೆ."

ಸೊಸೆ ಗಂಡನನ್ನು ನೋಡಿದಳು, ಗಂಡ ರಿಮೋಟನ್ನು ನೋಡಿದ. "ನಾಳೆ ಆ ಹಳದಿ ಕಿಟಕಿ ಮನೆಗೆ ಹೋಗಿ ಮಾತಾಡ್ಕೊಂಡು ಬರ್ತೀನಿ," ಅಂದಳು ಸೊಸೆ. ಅಜ್ಜಿಗೆ ಒಂದಕ್ಷರವೂ ತಪ್ಪದೆ ಕಂಡಿತು.

ಇಂಥ ಹೊತ್ತಿನಲ್ಲಿ ಹೊರಗಿನವನು ಏನು ಮಾಡಬೇಕು? ಮೀಸೆಯವನು ತನ್ನ ಕೆಲಸದಲ್ಲಿ ತಲೆ ಹುದುಗಿಸಿದ. "ಗುಡುಗಿನ ಪೆಟ್ಟಿಗೆ ಒಂದು ನೋಡ್ಬಿಡ್ತೀನಿ ಸಾರ್," ಅಂತ ಗುಂಡಿ ಒತ್ತಿದ. ಪರದೆಯ ಮೇಲೆ ಬೆಟ್ಟ ಕುಸಿಯಿತು. ಕಿಟಕಿಯ ಗಾಜು ನಡುಗಿತು, ಮೇಜಿನ ಮೇಲಿನ ಚಮಚ ಕುಣಿಯಿತು. ಮಗ ಏನೋ ಕೂಗಿದ, ಸೊಸೆ ಕಿವಿ ಮುಚ್ಚಿಕೊಂಡಳು.

ಅಜ್ಜಿಯ ಮಣಿಕಟ್ಟಿನಲ್ಲಿ ನೂಲು ಜಗ್ಗಿತು. ಪೆಟ್ಟಿಗೆಯ ನಡುಕವೋ ಏನೋ ಎಂದು ಒಂದು ಗಳಿಗೆ ತಡೆದಳು. ಮತ್ತೆ ಜಗ್ಗಿತು, ಬಿಟ್ಟು ಬಿಟ್ಟು. ನಡುಕ ಹಾಗೆ ಬಿಟ್ಟು ಬಿಟ್ಟು ಬರುವುದಿಲ್ಲ.

"ಗುಂಡ ಎದ್ದ," ಅಂದಳು. ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಎದ್ದು ಒಳಕೋಣೆಗೆ ನಡೆದಳು. ಮುನಿಸಿಕೊಂಡು ಹೋದಳೆಂದು ತಿಳಿದು ಸೊಸೆ ಹಿಂದೆಯೇ ಬಂದಳು.

ಗುಂಡ ತೊಟ್ಟಿಲಲ್ಲಿ ಕೆಂಪಗಾಗಿ, ಬಾಯಿ ಅಗಲ ತೆರೆದು, ಅಂಗಾಲಿನಿಂದ ತೊಟ್ಟಿಲನ್ನು ಒದೆಯುತ್ತಿದ್ದ. ಅಜ್ಜಿ ಎತ್ತಿಕೊಂಡು ಭುಜಕ್ಕೆ ಹಾಕಿಕೊಂಡಳು. ಎತ್ತುವಾಗ ರವಿಕೆಯ ತೋಳು ಮೇಲೆ ಸರಿದು ನೂಲು ಕಂಡಿತು. ಸೊಸೆ ಅದನ್ನು ಮಣಿಕಟ್ಟಿನಿಂದ ತೊಟ್ಟಿಲಿನವರೆಗೆ ಕಣ್ಣಲ್ಲೇ ಹಿಂಬಾಲಿಸಿದಳು. ಆಮೇಲೆ ಬಾಗಿಲು ಮುಚ್ಚಿ, ಅಜ್ಜಿಯ ಎದುರಿಗೆ, ಮುಖ ಕಾಣುವ ಹಾಗೆ ನಿಂತಳು.

"ನಮಗೆ ಕೇಳಿಸ್ಲಿಲ್ಲ. ಆರು ಕಿವಿ ಇದ್ವು ಆಚೆ."

"ಆ ಸದ್ದಿಗೆ ಯಾರಿಗೆ ಕೇಳುತ್ತೆ."

"ಹೂಂ, ಆದ್ರೆ ಟಿ.ವಿ. ಆರಿಸಿದ್ರೆ ನಮಗೆ ಕೇಳುತ್ತೆ, ನಿಮಗೆ ಕೇಳಲ್ಲ. ನೂಲು ಕಡಿದ್ರೆ ಏನು ಮಾಡ್ತಿದ್ರಿ?"

"ಕಡಿದ್ರೆ ಸಡಿಲ ಆಗುತ್ತಲ್ಲ, ಕೈಗೆ ಗೊತ್ತಾಗುತ್ತೆ. ಜೀವಮಾನವೆಲ್ಲ ಅದೇ ತಾನೆ ಮಾಡಿದ್ದು ನಾನು, ಎಲ್ಲಿ ನೂಲು ಕಡೀತು ಅಂತ ಕಾಯೋದು."

ಸೊಸೆ ನೂಲನ್ನು ಒಮ್ಮೆ ಜಗ್ಗಿ ನೋಡಿದಳು. "ಇನ್ನೊಂದು ಸ್ವಲ್ಪ ದಿನ ಹೋದ್ರೆ ಅಂಬೆಗಾಲು ಇಡ್ತಾನೆ. ಆಗ ಯಾರಿಗೆ ಕಟ್ತೀರಿ? ಅವನ ಸೊಂಟಕ್ಕಾ?"

ಆ ಪ್ರಶ್ನೆ ಅಜ್ಜಿಗೂ ಎಷ್ಟೋ ಸಲ ಬಂದಿತ್ತು, ಬಂದಾಗಲೆಲ್ಲ ನಾಳೆ ನೋಡೋಣ ಅಂತ ಕಳಿಸಿದ್ದಳು. ಗುಂಡ ಅವಳ ಭುಜ ಚೀಪತೊಡಗಿದ್ದ.

"ಕಿವಿ ಡಾಕ್ಟ್ರ ಹತ್ರ ಯಾಕೆ ಹೋಗ್ಲಿಲ್ಲ ಅತ್ತೆ?"

"ಕಿವಿಗೆ ಮಷೀನು ಹಾಕ್ಕೊಂಡ್ರೆ ಎಲ್ರಿಗೂ ಗೊತ್ತಾಗುತ್ತಲ್ಲ."

"ಈಗ ಗೊತ್ತಾಯ್ತಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಸೊಸೆ.

"ಶನಿವಾರ ಡಾಕ್ಟ್ರ ಹತ್ರ ಹೋಗೋಣ, ನಾನೇ ಕರ್ಕೊಂಡ್ಹೋಗ್ತೀನಿ. ಅವರು ಏನು ಹೇಳಿದ್ರೂ ಕೇಳ್ಬೇಕು. ಮಷೀನು ಅಂದ್ರೆ ಮಷೀನು. ಸೋಮವಾರ ನಾನು ಕೆಲಸಕ್ಕೆ ಹೋಗ್ತೀನಿ. ಇವನು ತೊಟ್ಟಿಲಲ್ಲಿರೋ ತನಕ ನಿಮ್ಮ ನೂಲು ಸಾಕು. ಕೆಳಗಿಳಿಯೋ ಹೊತ್ತಿಗೆ ಕಿವಿ ಸರಿ ಆಗಿರ್ಬೇಕು. ಆಗ್ಲಿಲ್ಲ ಅಂದ್ರೆ ಹಳದಿ ಕಿಟಕೀನೇ, ಆಮೇಲೆ ನನ್ನ ಬೈಕೋಬಾರ್ದು."

"ಆಯ್ತು," ಅಂದಳು ಅಜ್ಜಿ. ಇದರಲ್ಲಿ ಚೌಕಾಸಿ ಮಾಡುವಂಥದ್ದು ಏನೂ ಇರಲಿಲ್ಲ.

ಹೊರಗೆ ಬೆಟ್ಟ ಕುಸಿದು ಮುಗಿದಿತ್ತು. ಮೀಸೆಯವನು ಹೊರಡುವ ಮುಂಚೆ ಮಾತಿನ ಪೆಟ್ಟಿಗೆಯ ಸದ್ದನ್ನಷ್ಟೇ ತುಸು ಏರಿಸಿ, ಗುಡುಗನ್ನು ಇಳಿಸಿ, ಅಜ್ಜಿಯ ಎದುರಿಗೆ ಬಂದು ಎರಡು ಬೆರಳಿಂದ ಮೀಸೆಯನ್ನು ಮೇಲಕ್ಕೆತ್ತಿ ಹಿಡಿದು, ನಿಧಾನವಾಗಿ ಅಂದ: "ಬರ್ತೀನಿ ಅಜ್ಜಿ."

"ಅದನ್ನ ಕತ್ತರಿಸೋ ಮಾರಾಯ, ಪುಣ್ಯ ಬರುತ್ತೆ," ಅಂದಳು ಅಜ್ಜಿ.

ಸಂಜೆ ಗುಂಡ ಮಲಗಿದ ಮೇಲೆ ಮೂವರೂ ಸೋಫಾದಲ್ಲಿ ಕೂತರು. ಮಗ ಮೂರು ರಿಮೋಟನ್ನೂ ಹಿಂದುಮುಂದು ಮಾಡಿ, ಮೂರಕ್ಕೂ ಮುನಿಸು ಬರಿಸಿ, ಮತ್ತೆ ಮೊದಲಿಂದ ಆನ್ ಮಾಡಿದ. ಅಜ್ಜಿ ನಡುವೆ ಕೂರದೆ ಎಡತುದಿಗೆ ಸರಿದಳು, ಮನೆಯವರೆಲ್ಲ ಬಲಗಿವಿಯ ಕಡೆ ಇರಲಿ ಎಂದು. ಸಿನಿಮಾ ಶುರುವಾಗುವ ಹೊತ್ತಿಗೆ ಸೊಸೆ ಅವಳ ತೋಳಿನೊಳಗೆ ಬೆರಳು ಹಾಕಿ ನೂಲಿನ ಕುಣಿಕೆಯನ್ನು ಬಿಚ್ಚಿ ತನ್ನ ಕೈಗೆ ಹಾಕಿಕೊಂಡಳು.

"ಇವತ್ತು ನಾನು ಹಿಡ್ಕೋತೀನಿ. ನೀವು ಸಿನಿಮಾ ನೋಡಿ."

"ಗಂಟು ಬಿಗಿ ಮಾಡ್ಬೇಡ," ಅಂದಳು ಅಜ್ಜಿ. "ಬಿಗಿಯಾದ್ರೆ ಕೈ ಜೋಮು ಹಿಡಿಯುತ್ತೆ, ಆಮೇಲೆ ಜಗ್ಗಿದ್ದು ಗೊತ್ತಾಗಲ್ಲ."