ಉಕ್ಕಿನ ಬೆರಳು

ಸರ್ಕಾರಿ ಪರೀಕ್ಷಾ ಕೇಂದ್ರದಲ್ಲಿ ಅಕ್ಕನ ಕೆಲಸ ಏನೆಂದು ಕೇಳಿದವರು ನಗುತ್ತಿದ್ದರು. ಅಂಗಡಿಗೆ ಹೋಗುವ ಮುನ್ನ ಅಲ್ಲಿಗೆ ಬರುವ ಹೀಟರು, ಫ್ಯಾನುಗಳ ಸಂದಿಸಂದಿಗೂ ಪುಟ್ಟ ಮಗುವಿನ ಬೆರಳಷ್ಟೇ ಗಾತ್ರದ ಉಕ್ಕಿನ ಬೆರಳೊಂದನ್ನು ತೂರಿಸಿ ನೋಡುವುದು. ಅದು ಒಳಗಿನ ಕರೆಂಟಿಗೆ ತಾಗಿದರೆ ಮೇಜಿನ ಮೇಲಿನ ಬಲ್ಬು ಹೊತ್ತಿಕೊಳ್ಳುತ್ತದೆ. ಹೊತ್ತಿದರೆ ಮಾಲು ವಾಪಸ್. “ಬೇರೆಯವರು ಪುಕ್ಕಟೆ ಮೂಗು ತೂರಿಸ್ತಾರೆ, ನಾನು ಸಂಬಳ ತಗೊಂಡು ಬೆರಳು ತೂರಿಸ್ತೀನಿ” ಎನ್ನುತ್ತಿದ್ದಳು.

ಮಾಲಿನ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಆ ದಿನ ಒಂದು ಹೀಟರಿಗೆ ಬೆರಳು ತೂರಿಸಿದಳು, ಬಲ್ಬು ಹೊತ್ತಿತು. ಬರೆಯಲು ಪೆನ್ನು ತೆಗೆದಾಗ ಜಾಲರಿಯ ಮೂಲೆ ಕಣ್ಣಿಗೆ ಬಿತ್ತು. ತಂತಿಯ ತುದಿಯನ್ನು ಎರಡು ಸುತ್ತು ಸುತ್ತಿ ಒಳಕ್ಕೆ ಮಡಚುವ ಆ ಚಾಳಿ, ಚಿಕ್ಕಂದಿನಲ್ಲಿ ತಂತಿಯ ಬಂಡಿ ಮಾಡುವಾಗಿನಿಂದ ಅವಳ ತಮ್ಮನಿಗೆ ಅಂಟಿದ್ದು. ಇದ್ದ ಕೆಲಸ ಬಿಟ್ಟು ಎರಡು ವರ್ಷ ಈ ಹೀಟರಿಗಾಗಿಯೇ ಬೆವರು ಸುರಿಸಿದ್ದ. ಅವಳು ಪೆನ್ನನ್ನು ಮತ್ತೆ ಮೇಜಿನ ಮೇಲಿಟ್ಟಳು.

ಬಲ್ಬು ಹೊತ್ತಿದ್ದನ್ನು ಬೇರೆ ಯಾರೂ ನೋಡಿರಲಿಲ್ಲ. ಆದರೂ ಪಕ್ಕದ ಮೇಜಿನವನನ್ನು ಕರೆದು ಅವನ ಕೈಯಿಂದಲೇ ಇನ್ನೊಮ್ಮೆ ಪರೀಕ್ಷೆ ಮಾಡಿಸಿದಳು. ಬಲ್ಬು ದಾಕ್ಷಿಣ್ಯ ನೋಡಲಿಲ್ಲ.

ಭಾನುವಾರ ಮುಖ ಊದಿಸಿಕೊಂಡು ತಮ್ಮ ಅವಳ ಮನೆಗೆ ಬಂದ. ಒಂದು ಕೈಯಲ್ಲಿ ಅಂಥದೇ ಇನ್ನೊಂದು ಹೀಟರು, ಇನ್ನೊಂದರಲ್ಲಿ ಮೂರು ವರ್ಷದ ಮಗಳು.

“ನಾನೇ ಬೆರಳು ಹಾಕಿ ನೋಡಿದ್ನಲ್ಲಕ್ಕ. ಜಾಲರಿ ದಾಟೋದೇ ಇಲ್ಲ” ಎಂದು ಸ್ಪ್ಯಾನರ್ ಹಿಡಿದು ಹಿಡಿದು ದಪ್ಪಗಾದ ಬೆರಳನ್ನು ಚಾಚಿದ.

“ನಿಂದು ಎಲ್ಲಿ ದಾಟುತ್ತೆ? ಹೀಟರ್ ಮುಂದೆ ಹೋಗಿ ಕೂರೋರು ಯಾರು, ಅದು ಹೇಳು.”

ಅವನು ಬಾಯಿ ತೆರೆಯುವ ಮೊದಲೇ ನೆಲದಿಂದ ದನಿ ಬಂತು.

“ಅತ್ತೆ, ಒಳಗಡೆ ಸ್ಪ್ರಿಂಗ್ ಇದೆ.”

ಮಗಳು ಜಾಲರಿಯೊಳಗೆ ಬುಡದ ತನಕ ಬೆರಳು ತೂರಿಸಿ ಖುಷಿಯಾಗಿ ಕೂತಿದ್ದಳು. ಪ್ಲಗ್ಗು ನೆಲದ ಮೇಲೇ ಬಿದ್ದಿತ್ತು. ತಮ್ಮ ಅದನ್ನು ಎರಡೆರಡು ಸಲ ನೋಡಿದ. ಆಮೇಲೆ ಮಗಳನ್ನು ಎತ್ತಿಕೊಂಡವನು ಊಟ ಮುಗಿಯುವವರೆಗೂ ತೊಡೆಯಿಂದ ಇಳಿಸಲಿಲ್ಲ.

ಎರಡು ತಿಂಗಳ ಮೇಲೆ ಒತ್ತಾದ ಜಾಲರಿಯ ಹೀಟರು ಬಂತು. ಅಕ್ಕ ಅದನ್ನು ಪಕ್ಕದ ಮೇಜಿಗೆ ಕೊಟ್ಟು ಬಲ್ಬನ್ನೇ ನೋಡುತ್ತ ನಿಂತಳು. ಹೊತ್ತಲಿಲ್ಲ. ಅವಳಿಗೆ ಹಿಗ್ಗೋ ಹಿಗ್ಗು.

ಈಗ ತಮ್ಮನ ಶೆಡ್ಡಿನ ಗೋಡೆಯಲ್ಲಿ ಒಂದು ಮರದ ಕಡ್ಡಿ ನೇತಾಡುತ್ತದೆ. ಮಗಳ ಆಗಿನ ಬೆರಳಿನ ಅಳತೆಯದು. ಒಂದೊಂದು ಹೀಟರೂ ಅದರ ಕೈಯಲ್ಲಿ ಪಾಸಾಗಿಯೇ ಹೊರಗೆ ಹೋಗಬೇಕು. ಮೊನ್ನೆ, ಈಗ ಒಂಬತ್ತು ವರ್ಷ ತುಂಬಿರುವ ಮಗಳು ತನ್ನ ಬೆರಳನ್ನು ಪಕ್ಕದಲ್ಲಿಟ್ಟು ನೋಡಿದಳು.

“ಇದು ನಂದಲ್ಲ. ಯಾರದಪ್ಪ?”

“ಯಾರ ಮನೇಲಿ ಮಗು ಇದೆಯೋ ಅವರದ್ದು” ಎಂದ ಅವನು. ಅಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.